ಚೈನ್ ಕವರನ್ನು ಮರೆಮಾಡಿದ ಮೇಲೆ

ನಮ್ಮ ಮನೆಗೆ ಯಾರಾದರೂ ಬರುತ್ತಾರೆಂದು ಫೋನು ಬಂದರೆ ನನ್ನ ಹೆಂಡತಿ ಶೋಭಾ ಮೊದಲು ಮಾಡುವ ಕೆಲಸ ಚಹಾಕ್ಕೆ ನೀರಿಡುವುದಲ್ಲ. ಮಡಚದ ಬಟ್ಟೆ, ಮಕ್ಕಳ ಚೀಲ, ನನ್ನ ಹಳೇ ಚಪ್ಪಲಿ, ಅರ್ಧ ಆರಿಸಿಟ್ಟ ಹೆಸರುಕಾಳಿನ ಮೊರ, ಎಲ್ಲವನ್ನೂ ಕಾಟಿನ ಕೆಳಗೆ ತಳ್ಳಿ, ಮೇಲಿನ ಚಾದರವನ್ನು ನೆಲದ ತನಕ ಇಳಿಬಿಡುತ್ತಾಳೆ. ಬಂದವರು ಅದೇ ಕಾಟಿನ ಮೇಲೆ ಕೂತು ‘ಮನಿ ಅಗದಿ ಛಲೋ ಇಟ್ಟೀರಿ’ ಎನ್ನುತ್ತಾರೆ. ಶೋಭಾ ನಗುತ್ತಾಳೆ. ನನಗೆ ನಗು ಬರುವುದಿಲ್ಲ. ಬಂದವರ ಕಾಲು ಹಿಂದೆ ಸರಿದು ಮೊರಕ್ಕೆ ತಾಗಿದರೆ ಗತಿಯೇನು ಎಂದು ಅವರ ಹಿಮ್ಮಡಿಯನ್ನೇ ನೋಡುತ್ತ ಕೂತಿರುತ್ತೇನೆ. ಒಮ್ಮೆ ಬೀಗರೊಬ್ಬರು ಅದನ್ನು ಗಮನಿಸಿ, ‘ಯಾಕ್ರಿ, ನನ್ನ ಹಿಮ್ಮಡಿ ಭಾಳ ಒಡದಾವೇನ್ರಿ?’ ಎಂದು ಕೇಳಿ ಕಾಲನ್ನು ಧೋತರದೊಳಗೆ ಎಳೆದುಕೊಂಡಿದ್ದರು.

ನಾನು ಮೊದಲಿನಿಂದಲೂ ಹೀಗೆಯೇ. ಬೀಗ ಹಾಕಿ ಓಣಿಯ ಕೊನೆ ಮುಟ್ಟಿದ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ಹಿಂದಿರುಗುವವನು. ಬಂದು ಬೀಗ ಜಗ್ಗಿ ನೋಡಿ ಸಮಾಧಾನವಾಯಿತೆನ್ನುವಷ್ಟರಲ್ಲಿ ಒಳಗೆ ಗ್ಯಾಸು ಬಂದ್ ಮಾಡಿದೆನೇ ಎಂಬ ಸಂಶಯ ಎದ್ದು ಕೂತಿರುತ್ತದೆ. ಕಣ್ಣಿಗೆ ಕಾಣುವ ಕಷ್ಟವನ್ನು ಹೇಗಾದರೂ ತಡೆದುಕೊಂಡೇನು. ಕಾಣದ್ದನ್ನು ಮಾತ್ರ ತಡೆಯಲಾರೆ. ಇಂಥವನಿಗೆ ಹೊಟ್ಟೆಪಾಡಿಗೆ ಸಿಕ್ಕ ಕೆಲಸವಾದರೂ ಎಂಥದ್ದು ಅಂತೀರಿ? ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ವಸ್ತುವನ್ನು ಕಾಣದ ಹಾಗೆ ಮಾಡುವುದು.

ಬಿಡಿಸಿ ಹೇಳುತ್ತೇನೆ. ಅಣ್ಣಿಗೇರಿಯಲ್ಲಿ ದಾವಲಸಾಬ ಕಾಕಾನ ಶೆಡ್ಡಿದೆ. ಅಪ್ಪ ಅಜ್ಜನ ಕಾಲಕ್ಕೆ ಎತ್ತಿನ ಕೂರಿಗೆ, ಕುಂಟೆ ಮಾಡುತ್ತಿದ್ದ ಮನೆತನ. ಈಗ ಟ್ರ್ಯಾಕ್ಟರಿಗೆ ಜೋಡಿಸಿ ಬೀಜ ಬಿತ್ತುವ ಕೂರಿಗೆ ಮಾಡುತ್ತಾರೆ. ಹುಬ್ಬಳ್ಳಿಯಲ್ಲಿ ತಗಡು ಕತ್ತರಿಸಿಕೊಡುವ ಮಷೀನಿಗೆ ಕಂಪ್ಯೂಟರಿನ ನಕ್ಷೆಯೇ ಬೇಕು ಎಂದಾದ ಮೇಲೆ ಕಾಕಾ ನನ್ನನ್ನು ಕರೆದು ಶೆಡ್ಡಿನ ಮೂಲೆಯಲ್ಲಿ ಕೂರಿಸಿದ. ಒಂದು ಕೂರಿಗೆಯೆಂದರೆ ಕಡಿಮೆ ಸಾಮಾನಲ್ಲ. ಬೀಜದ ಪೆಟ್ಟಿಗೆ, ಅದರಡಿ ಕೊಳವೆಗಳು, ಮಣ್ಣು ಸೀಳುವ ತಾಳುಗಳು, ನೆಲದ ಮೇಲೆ ಉರುಳುವ ಗಾಲಿ, ಆ ಗಾಲಿಯ ತಿರುಗಾಟವನ್ನು ಪೆಟ್ಟಿಗೆಗೆ ಮುಟ್ಟಿಸುವ ಚೈನು, ಚೈನಿಗೊಂದು ಕವರು. ಇವೆಲ್ಲ ಪರದೆಯ ಮೇಲೆ ಒಟ್ಟಿಗೆ ನಿಂತರೆ ಸಂತೆಯ ದಿನದ ಬಸ್ಸಿನ ಬಾಗಿಲು. ಒಳಗಿನ ಒಂದು ಬೋಲ್ಟು ಮುಟ್ಟಬೇಕಾದರೆ ಮುಂದಿನವರನ್ನು ಸರಿಸಲೇಬೇಕು. ಅದಕ್ಕೆ ‘ಹೈಡ್’ ಎಂಬ ಆಜ್ಞೆಯಿದೆ. ಪೆಟ್ಟಿಗೆ ಅಡ್ಡ ಬಂತು, ಹೈಡ್. ಕೊಳವೆ ಅಡ್ಡ ಬಂತು, ಹೈಡ್. ಹೀಗೆ ಮಾಡುತ್ತ ಮಾಡುತ್ತ ಕೆಲವೊಮ್ಮೆ ಇಡೀ ಕೂರಿಗೆ ಮಾಯವಾಗಿ, ಒಂದೇ ಒಂದು ಬೋಲ್ಟು ಆಕಾಶದಲ್ಲಿ ಅನಾಥವಾಗಿ ನೇತಾಡುತ್ತಿರುತ್ತದೆ. ಆಗ ನನಗೆ ಬೋಲ್ಟಿಗಿಂತ ಹೆಚ್ಚಿನ ದಿಗಿಲಾಗುತ್ತದೆ.

ಹೈಡ್ ಮಾಡಿದ ವಸ್ತು ಪರದೆಯಿಂದ ಹೋಗುತ್ತದೆಯೇ ಹೊರತು ಲೆಕ್ಕದಿಂದ ಹೋಗುವುದಿಲ್ಲ. ತೂಕ ಕೇಳಿದರೆ ಅದರ ತೂಕವೂ ಸೇರುತ್ತದೆ. ಕತ್ತರಿಸಲು ಕಳಿಸಿದರೆ ಅದರ ತಗಡೂ ಬರುತ್ತದೆ. ಇದರ ಬಗಲಿಗೇ ‘ಸಪ್ರೆಸ್’ ಎಂಬ ಇನ್ನೊಂದು ಆಜ್ಞೆಯಿದೆ. ಅದನ್ನು ಒತ್ತಿದಿರೋ, ಆ ವಸ್ತು ಹುಟ್ಟೇ ಇಲ್ಲ ಎನ್ನುವಂತೆ ಕಂಪ್ಯೂಟರು ನಡೆದುಕೊಳ್ಳುತ್ತದೆ. ತೂಕವಿಲ್ಲ, ತಗಡಿಲ್ಲ. ನೋಡುವವರ ಕಣ್ಣಿಗೆ ಮಾತ್ರ ಎರಡೂ ಒಂದೇ: ಖಾಲಿ ಜಾಗ. ಕಾಕಾನಿಗೆ ಇದನ್ನು ತಿಳಿಸಿ ಹೇಳಲು ನಾನು ಕೈಬಾಯಿ ತಿರುವುತ್ತಿದ್ದಾಗ ಆತ ಬೀಡಿ ಆರಿಸಿ, ‘ಇಷ್ಟ ಹೌದಿಲ್ಲೋ, ಒಂದು ಬಾಗಲಾ ಹಾಕ್ಕೊಂಡು ಒಳಗ ಕುಂತಂಗ, ಇನ್ನೊಂದು ಊರ ಬಿಟ್ಟು ಹೋದಂಗ. ಬಾಗಲಾ ಬಡಿಯೂತನಾ ಹೊರಗಿನಾಂವಗ ಗೊತ್ತಾಗೂದಿಲ್ಲ’ ಎಂದ.

ಒಳಗೆ ಕೂತದ್ದನ್ನು ಊರು ಬಿಟ್ಟಿತೆಂದು ತಿಳಿಯುವುದರಲ್ಲಿ ನಮ್ಮ ಎರೆ ಸೀಮೆಯ ಜನ ಹಿಂದಿನಿಂದಲೂ ಪಳಗಿದವರು. ಹಗೇವನ್ನೇ ತೆಗೆದುಕೊಳ್ಳಿ. ಜೋಳವನ್ನು ನೆಲದೊಳಗಿನ ಆಳ ಕುಣಿಯಲ್ಲಿ ತುಂಬಿ, ಬಾಯಿಗೆ ಬಂಡೆ ಹೊಚ್ಚಿ, ಮೇಲೆ ಮಣ್ಣೆಳೆದು ಬಿಟ್ಟರೆ ಅದರ ಮೇಲೆ ಎತ್ತು ಕಟ್ಟುತ್ತಿದ್ದರು, ಹುಡುಗರು ಲಗೋರಿ ಆಡುತ್ತಿದ್ದರು. ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಡಬೇಕು. ಅದು ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಒಳಗೆ ಉಸಿರಿಲ್ಲ. ಎಷ್ಟು ಚಂದದ ಅಂಜಿಕೆ ನೋಡಿ. ನಮ್ಮ ಓಣಿಯ ಒಬ್ಬರು ಹಳೇ ಮನೆ ಕೊಂಡು, ಅಂಗಳದಲ್ಲಿ ಹಗೇವಿದೆ ಎಂಬುದನ್ನು ಕೊಟ್ಟವರೂ ಮರೆತು ಕೊಂಡವರೂ ಕೇಳದೆ, ಗೋಡೆಯ ಗಿಲಾವಿಗೆಂದು ನೀರಿನ ಟ್ಯಾಂಕರು ತರಿಸಿದರು. ಟ್ಯಾಂಕರು ಅಂಗಳದ ನಡುವೆ ನಿಂತು ನೋಡುನೋಡುತ್ತಿದ್ದಂತೆ ಒಂದು ಬದಿಗೆ ಮಂಡಿಯೂರಿತು. ಡ್ರೈವರು ಸೀಟಿನಲ್ಲೇ ಓರೆಯಾಗಿ ಕೂತು, ‘ಕೆಳಗ ಏನರೆ ಐತೇನ್ರಿ?’ ಎಂದು ಕೇಳಿದ್ದನ್ನು ಊರವರು ಇನ್ನೂ ಆಡಿಕೊಂಡು ನಗುತ್ತಾರೆ.

ನಾನೂ ನಗುತ್ತಿದ್ದೆ, ಈ ಸಲದ ಮುಂಗಾರಿನ ತನಕ.

ಹೊಸ ನಮೂನೆಯ ಕೂರಿಗೆಯೊಂದನ್ನು ಅದಕ್ಕೆ ಸ್ವಲ್ಪ ಮೊದಲು ಬರೆದು ಮುಗಿಸಿದ್ದೆ. ತಗಡು ಕತ್ತರಿಸಲು ಹುಬ್ಬಳ್ಳಿಗೆ ನಕ್ಷೆ ಕಳಿಸಿ, ಬಸುರಿ ನಾದಿನಿಯ ಕುಬಸದ ಕಾರ್ಯಕ್ಕೆಂದು ಹೋದವನು, ಅಲ್ಲಿ ಹೋಳಿಗೆಯ ಮೇಲೆ ತುಪ್ಪ ಸುರಿಸಿಕೊಳ್ಳುತ್ತ ಒಂದೆರಡು ದಿನ ಹೆಚ್ಚೇ ಉಳಿದೆ. ತಿರುಗಿ ಬರುವಷ್ಟರಲ್ಲಿ ಮಳೆಯಾಗಿ ಹೆಸರುಕಾಳು ಬಿತ್ತುವ ಹದ ಬಂದಿತ್ತು. ಕಾಕಾ ಕೂರಿಗೆ ಜೋಡಿಸಿ, ಬಣ್ಣ ಹೊಡೆದು, ಪರೀಕ್ಷೆಗೆಂದು ಶಲವಡಿಗೆ ಕಳಿಸಿಯೂ ಆಗಿತ್ತು. ಶಲವಡಿಯಲ್ಲಿ ನಮ್ಮ ಅವ್ವನ ತಂಗಿ, ಗಂಗವ್ವ ಚಿಗವ್ವ ಇದ್ದಾಳೆ. ಮೊದಲ ಮಷೀನು ಆಕೆಯ ಹೊಲಕ್ಕೇ ಹೋಗಲೆಂದು ಹೇಳಿದವನು ನಾನೇ. ಕೆಟ್ಟರೆ ಬೈಯುವವರು ಮನೆಯವರೇ ಆಗಿರಲಿ ಎಂಬ ಲೆಕ್ಕಾಚಾರ.

ಆ ಮುಂಜಾನೆ ಶೆಡ್ಡಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ. ಕರೆಂಟಿರಲಿಲ್ಲ. ಗೋಡೆಗೆ ಅಂಟಿಸಿದ್ದ ಹೊಸ ಕೂರಿಗೆಯ ಚಿತ್ರದ ಮೇಲೆ ಕಣ್ಣು ಬಿತ್ತು. ಕಂಪ್ಯೂಟರಿನಿಂದ ನಾನೇ ತೆಗೆದುಕೊಟ್ಟ ಚಿತ್ರ. ನಮ್ಮ ಶೆಡ್ಡಿನ ರೂಢಿಯೇನೆಂದರೆ ಪಾರ್ಟುಗಳ ಯಾದಿಯನ್ನು ಯಾರೂ ಓದುವುದಿಲ್ಲ; ಚಿತ್ರದಲ್ಲಿ ಕಂಡದ್ದನ್ನು ಕಂಡ ಹಾಗೆ ಜೋಡಿಸುತ್ತಾರೆ. ಆ ಚಿತ್ರದಲ್ಲಿ ಚೈನು ಸ್ವಚ್ಛವಾಗಿ ಕಾಣುತ್ತಿತ್ತು. ಒಂದೊಂದು ಕೊಂಡಿಯೂ ಎಣಿಸಬಹುದು.

ಚೈನು ಕಾಣಬಾರದು. ಅದರ ಮೇಲೆ ಕವರಿರಬೇಕು.

ಚೈನಿನ ಬಿಗಿ ನೋಡಲು ಕವರನ್ನು ಮರೆಮಾಡಿದ್ದು ನೆನಪಿತ್ತು. ತಿರುಗಿ ಹಚ್ಚಿದ್ದು ನೆನಪಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಒತ್ತಿದ್ದು ಹೈಡೋ ಸಪ್ರೆಸ್ಸೋ ಎಂಬುದೇ ತಿಳಿಯದಾಯಿತು. ಹೈಡಾಗಿದ್ದರೆ ತಗಡು ಬಂದಿರುತ್ತದೆ, ತಗಡು ಬಂದರೆ ಯಾರಾದರೂ ಅದನ್ನೊಂದು ಕಡೆ ಹಚ್ಚಿರುತ್ತಾರೆ. ಸಪ್ರೆಸ್ ಆಗಿದ್ದರೆ ಆ ಕವರು ಭೂಮಿಯ ಮೇಲೆ ಹುಟ್ಟಿಯೇ ಇಲ್ಲ. ಕಂಪ್ಯೂಟರು ಹಚ್ಚಿ ನೋಡಲು ಕರೆಂಟಿಲ್ಲ. ಕಬ್ಬಿಣ ತರಲು ಗದಗಿಗೆ ಹೋಗಿದ್ದ ಕಾಕಾನಿಗೆ ಫೋನು ಹಚ್ಚಿದೆ. ಅದು ನನ್ನ ಬಾಜೂಕೇ, ವೆಲ್ಡಿಂಗ್ ಮಷೀನಿನ ಮೇಲೆ ಬಾರಿಸತೊಡಗಿತು. ಚಿಗವ್ವನ ಮಗ ಬಸುವಿಗೆ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಟ್ರ್ಯಾಕ್ಟರಿನ ಮೇಲೆ ಕೂತವನಿಗೆ ಫೋನಿನ ಸದ್ದು ಎಲ್ಲಿ ಕೇಳಬೇಕು?

ಬಸು ಟ್ರ್ಯಾಕ್ಟರಿನ ಮೇಲಿದ್ದಾನೆ ಎಂದರೆ ಚಿಗವ್ವ ಕೂರಿಗೆಯ ಹಿಂದಿನ ಹಲಗೆಯ ಮೇಲಿದ್ದಾಳೆ ಎಂದೇ ಅರ್ಥ. ಅದನ್ನು ಯಾರೂ ಹೇಳಬೇಕಿಲ್ಲ. ಎತ್ತಿನ ಕೂರಿಗೆಯ ಕಾಲದಲ್ಲಿ ಹಿಂದೆ ನಡೆಯುತ್ತ ಬಟ್ಟಲಿಗೆ ಬೀಜ ಬಿಡುತ್ತಿದ್ದವರು ಹೆಣ್ಣುಮಕ್ಕಳು. ಟ್ರ್ಯಾಕ್ಟರು ಬಂದ ಮೇಲೆ ಬೀಜವನ್ನು ಪೆಟ್ಟಿಗೆಯೇ ಬಿಡುತ್ತದೆ, ಆದರೂ ಹಿಂದೊಬ್ಬ ಹೆಣ್ಣುಮಗಳು ನಿಂತೇ ನಿಲ್ಲುತ್ತಾಳೆ. ನಮ್ಮ ಚಿಗವ್ವನಂತೂ ತಲೆಯ ಮೇಲಿನ ಸೆರಗು ಇಳಿಸಿದವಳಲ್ಲ. ಹೊಲದಲ್ಲಿ ಗಾಳಿಯಿರುತ್ತದೆ. ಹಲಗೆಯಿಂದ ಚೈನಿಗೆ ಒಂದು ಮೊಳವೂ ದೂರವಿಲ್ಲ. ಅಷ್ಟೇ ಇರಲೆಂದು ಬರೆದವನೂ ನಾನೇ. ನನಗೆ ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಮಾಡಿ ಹಾಕುತ್ತಿದ್ದದ್ದು ಇದೇ ಸೆರಗು. ಅದು ಗಾಳಿಗೆ ಹಾರಿ ಚೈನಿನ ಹಲ್ಲಿನ ಗಾಲಿಗೆ ಸಿಕ್ಕಿದರೆ, ಕೊರಳಿಗೆ ಸುತ್ತಿದ ಬಟ್ಟೆ ಜಗ್ಗಿದರೆ, ಎಂದು ಮುಂದೆ ಯೋಚಿಸಲಾರದೆ ಬೈಕಿಗೆ ಕಿಕ್ ಹೊಡೆದೆ.

ರಸ್ತೆಯುದ್ದಕ್ಕೂ ನಾನು ದೇವರಲ್ಲಿ ಬೇಡಿಕೊಂಡದ್ದನ್ನು ಹೇಳಿದರೆ ನೀವು ನಗುತ್ತೀರಿ. ‘ತಂದೆ, ಅದು ಹೈಡ್ ಆಗಿರಲಿ’ ಎಂದು ಬೇಡಿಕೊಂಡೆ. ಆತನಿಗೆ ಈ ಎರಡರ ವ್ಯತ್ಯಾಸ ಗೊತ್ತಿತ್ತೋ ಇಲ್ಲವೋ. ಶಲವಡಿಯ ಡಾಂಬರು ಬಿಟ್ಟು ಹೊಲದ ದಾರಿಗಿಳಿದದ್ದೇ ತಡ, ಎರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಗಿಡಿದುಕೊಂಡು ಬೈಕು ನಿಂತೇಬಿಟ್ಟಿತು. ಅದನ್ನು ಅಲ್ಲೇ ಒರಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಹೆಜ್ಜೆ ಹೆಜ್ಜೆಗೂ ಕಾಲು ಭಾರವಾಗುತ್ತ ಹೋಯಿತು. ದೂರದಲ್ಲಿ ಟ್ರ್ಯಾಕ್ಟರು ಕಂಡಿತು. ಅದರ ಹಿಂದೆ ನಿಂತ ಚಿಗವ್ವ ಕಂಡಳು. ತಲೆಯ ಮೇಲಿನ ಸೆರಗು ಗಾಳಿಗೆ ಬಾವುಟದಂತೆ ಹಾರುತ್ತಿತ್ತು. ಕೂಗಿದೆ, ಕೇಳಲಿಲ್ಲ. ಎರಡೂ ಚಪ್ಪಲಿ ಮೇಲೆತ್ತಿ ಬೀಸಿದೆ. ಬಸು ಕೊನೆಗೂ ನೋಡಿ ಟ್ರ್ಯಾಕ್ಟರು ನಿಲ್ಲಿಸಿದ.

‘ಯಾಕೋ ಮಾಂತೇಶ, ಮನ್ಯಾಗ ಎಲ್ಲಾರೂ ಅರಾಮ ಅದಾರಿಲ್ಲೋ?’ ಎಂದು ಚಿಗವ್ವ ಹಲಗೆಯಿಂದ ಇಳಿದಳು.

ನಾನು ಉತ್ತರ ಕೊಡದೆ ಕೂರಿಗೆಯ ಬಗಲಿಗೆ ಓಡಿದೆ. ಪೆಟ್ಟಿಗೆಗೆ ಪೂಜೆಯ ಹಸಿರು ಕುಬಸದ ಕಣದ ಬಟ್ಟೆ ಕಟ್ಟಿತ್ತು, ಕುಂಕುಮ ಮೆತ್ತಿತ್ತು. ಅದರ ಕೆಳಗೆ ಚೈನು ಬೆತ್ತಲಾಗಿ ನಿಂತಿತ್ತು. ಕವರಿರಲಿಲ್ಲ. ಮಣ್ಣಿನಲ್ಲೇ ಕುಕ್ಕರಿಸಿದೆ. ಹಾಗೆ ಕುಕ್ಕರಿಸಿದ್ದರಿಂದಲೇ ಚೈನಿನ ಬಗಲಿನ ಕಬ್ಬಿಣದ ಪಟ್ಟಿಯ ಮೇಲಿನ ಬೋಲ್ಟಿನ ತೂತುಗಳು ಕಂಡವು. ತೂತಿನ ಸುತ್ತ ವಾಷರಿನ ಗುಂಡನೆಯ ಗುರುತಿತ್ತು. ಅಲ್ಲಿ ಬಣ್ಣ ಎದ್ದುಹೋಗಿತ್ತು. ಅಂದರೆ ಕವರು ಹುಟ್ಟಿತ್ತು. ಬಂದಿತ್ತು. ಇಲ್ಲಿ ಕೂತಿತ್ತು.

‘ಚಿಗವ್ವಾ, ಇದರ ಮ್ಯಾಲೊಂದು ತಗಡ ಇತ್ತಲ್ಲ, ಎಲ್ಲೈತಿ?’

‘ಅದಾ? ಅಲ್ಲಿ ನೋಡು’ ಎಂದು ಆಕೆ ಬದುವಿನ ಕಡೆ ಕೈ ತೋರಿಸಿದಳು. ಬದುವಿನ ಮೇಲೆ ಬುತ್ತಿಯ ಬುಟ್ಟಿ. ಬುಟ್ಟಿಯ ಮೇಲೆ, ಕಾಗೆ ನಾಯಿ ಮುಟ್ಟದ ಹಾಗೆ, ನನ್ನ ಚೈನ್ ಕವರು ಮಗುಚಿ ಬಿದ್ದಿತ್ತು. ಹಾರಬಾರದೆಂದು ಮೇಲೊಂದು ಕಲ್ಲು ಬೇರೆ.

‘ಮುಚ್ಚಾಕಂತನ ಮಾಡಿದ್ದಲ್ಲೇನು? ಮುಚ್ಚೇತಿ’ ಎಂದಳು.

ನನಗೆ ಸಿಟ್ಟು ಬಂತು. ಚಿಗವ್ವನ ಮೇಲೆ ಸಿಟ್ಟು ಮಾಡಿ ರೂಢಿಯಿಲ್ಲದ್ದರಿಂದ ಅದು ಅಳುವಿನ ಹಾಗೆ ಹೊರಗೆ ಬಂತು. ‘ಯಾಕ ಬಿಚ್ಚಿದಿ? ಸೆರಗ ಸಿಕ್ಕಿದ್ರ ಏನ ಮಾಡತಿದ್ದಿ?’

‘ಸೆರಗಿನ ಮಾತ ಆಮ್ಯಾಲ. ಬೀಜದ ಮಾತ ಹೇಳು’ ಎಂದು ಆಕೆ ನನ್ನ ಎದುರಿಗೇ ಕೂತಳು. ‘ನನ್ನ ಕೈಲೆ ಬಿಡೂಮುಂದ ಒಂದೊಂದು ಕಾಳೂ ಬೆರಳಿಗೆ ಗೊತ್ತಾಗತಿತ್ತು. ಈಗ ಎಲ್ಲಾ ಪೆಟಗ್ಯಾಗ. ಬೀಳಾಕತ್ತಾವೋ ಇಲ್ಲೋ ಹೆಂಗ ತಿಳೀಬೇಕು? ಈ ಚೈನ ತಿರಗಿದ್ರ ಬೀಜ ಬಿದ್ದಂಗ, ನಿಂತ್ರ ನಿಂತಂಗ. ಅದೊಂದ ಕಾಣತಿತ್ತು. ಅದನ್ನೂ ಮುಚ್ಚಿ ಕಳಿಸಿದಿ. ಮ್ಯಾಲ ಮಣ್ಣ ಮುಚ್ಚಿಕೋತ ಹೋದ ಮ್ಯಾಲ, ಎಂಟ ದಿನ ಬಿಟ್ಟು ಸಾಲಿಗೆ ಸಾಲ ಖಾಲಿ ಕಂಡ್ರ ಯಾರಿಗೆ ಕೇಳಲಿ? ಹದಾ ಮತ್ತ ಬರತೈತೇನು?’

ಬೀಗ ಜಗ್ಗಿ ನೋಡಲು ಓಣಿಯ ಕೊನೆಯಿಂದ ತಿರುಗಿ ಬರುವವನು ನಾನೊಬ್ಬನೇ ಎಂದುಕೊಂಡಿದ್ದೆ. ಈ ರೋಗ ನನಗೆ ಅವ್ವನ ಬಳಗದಿಂದಲೇ ಬಂದದ್ದಿರಬೇಕು. ಆದರೂ ಬಿಡಲಿಲ್ಲ. ಬೀಜದ ಚಿಂತೆ ಖರೆ, ಹಾಗಂತ ಕೊರಳು ಕೊಡಲಾದೀತೇ? ಕವರು ಹಚ್ಚುವ ತನಕ ನಾನು ಗಾಲಿಯ ಮುಂದಿನಿಂದ ಏಳುವುದಿಲ್ಲ ಎಂದು ಹಟ ಹಿಡಿದೆ. ಬಸು ಕವರು ತರಲು ಬದುವಿನ ಕಡೆ ಹೋದ.

‘ಬೋಲ್ಟ ಎಲ್ಲಿ ಅದಾವ?’ ಎಂದೆ.

ಚಿಗವ್ವ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ ಅಂಗೈಗೆ ಸುರಿದಳು. ಅಡಿಕೆ ಹೋಳು, ಸುಣ್ಣದ ಡಬ್ಬಿ, ನನ್ನ ಬೋಲ್ಟುಗಳು. ಅವುಗಳ ಜೊತೆಗೆ ಒಂದು ಬಟ್ಟೆಯ ತುಂಡೂ ಬಂತು. ಮಾಸಿದ ಕೆಂಪು ರೇಷ್ಮೆಯ ಸೆರಗಿನ ತುದಿ. ಗ್ರೀಸು ಹತ್ತಿ ಅರ್ಧ ಕರ್ರಗಾಗಿತ್ತು, ಅಂಚಿನಲ್ಲಿ ಹಲ್ಲು ಕಚ್ಚಿದ ತೂತುಗಳಿದ್ದವು. ಆಕೆ ತಟ್ಟನೆ ಮುಷ್ಟಿ ಕಟ್ಟಿದಳು. ನಾನು ನೋಡಿಬಿಟ್ಟಿದ್ದೆ. ಆಕೆಯ ತಲೆಯ ಮೇಲಿನ ಸೆರಗಿನ ಒಂದು ಮೂಲೆ ಇರಲಿಲ್ಲ.

ಆಕೆ ಬಸುವಿನ ಬೆನ್ನು ನೋಡಿ, ದನಿ ತಗ್ಗಿಸಿ ಹೇಳಿದಳು: ‘ನಸಿಕಿನ್ಯಾಗ, ಮೊದಲನೇ ಸಾಲಿನ್ಯಾಗ. ಬಸುಗ ಹೇಳಬ್ಯಾಡ, ಬಿತ್ತಗಿ ನಿಂದರಸತಾನ. ಕೂರಿಗಿ ಪೂಜಿಗಂತ ಹೊಸಾ ಸೀರಿ ತಗದಿಟ್ಟಿದ್ದೆ. ರಾಡಿ ಆಗತೈತಂತ ಹಳೇದ ಉಟಗೊಂಡು ಬಂದೆ. ಹಳೇದು, ಜಗ್ಗಿದ ಕೂಡ್ಲೆ ಹರೀತು. ಹೊಸಾದ ಉಟ್ಟಿದ್ರ...’

ಅಷ್ಟರಲ್ಲಿ ಬಸು ಕವರು ತಂದ. ಒಂದೇ ಬೋಲ್ಟನ್ನು ಎರಡು ಸಲ ಮಣ್ಣಿಗೆ ಬೀಳಿಸಿ ತಿರುವಿದೆ. ಬಸು, ‘ಅಣ್ಣಾ, ಹಸದೀ ಏನು? ರೊಟ್ಟಿ ತಿನ್ನು’ ಎಂದ. ಆ ದಿನ ಉಳಿದ ಬಿತ್ತಿಗೆಯನ್ನು ಚಿಗವ್ವ ಹಲಗೆ ಏರದೆ ಮುಗಿಸಿದಳು. ಕೂರಿಗೆಯ ಹಿಂದೆ ದೂರದಲ್ಲಿ ನಡೆಯುತ್ತ, ಬಗ್ಗಿ ಬಗ್ಗಿ ಬೆರಳಿನಿಂದ ಸಾಲು ಕೆದರಿ, ಕಾಳು ಬಿದ್ದಿದೆಯೇ ಎಂದು ನೋಡುತ್ತ ಬಂದಳು. ಇಳಿಹೊತ್ತಿಗೆ ಸೊಂಟ ಹಿಡಿದುಕೊಂಡು ಕೂತಳು.

ಮರುದಿನ ಕರೆಂಟು ಬಂದಾಗ ಫೈಲು ತೆರೆದೆ. ಕವರು ಹೈಡ್ ಆಗಿತ್ತು, ಅಷ್ಟೇ. ದೇವರು ನನ್ನ ಮೊರೆ ಕೇಳಿದ್ದ. ಆದರೆ ಅದರಿಂದ ಬರಬೇಕಾಗಿದ್ದ ಸಮಾಧಾನ ಬರಲಿಲ್ಲ. ಹಚ್ಚಿ ಕಳಿಸಿದ್ದನ್ನು ಬಿಚ್ಚುವ ಅಗತ್ಯ ಬೀಳುತ್ತದೆಂದರೆ ಹಚ್ಚಿದರೆಷ್ಟು, ಬಿಟ್ಟರೆಷ್ಟು? ಸುಮ್ಮನೆ ಮೌಸು ಆಡಿಸುತ್ತ ಕೂತಿದ್ದಾಗ ಅದೇ ಪಟ್ಟಿಯಲ್ಲಿ ಮೂರನೆಯ ಆಜ್ಞೆಯೊಂದು ಕಂಡಿತು. ದಿನವೂ ಕಾಣುತ್ತಿದ್ದದ್ದೇ, ಚಿತ್ರ ಚಂದ ಕಾಣಲೆಂದು ಇಟ್ಟಿರುವ ಶೋಕಿಯೆಂದು ತಿಳಿದು ಬಿಟ್ಟಿದ್ದೆ. ಅದನ್ನು ಒತ್ತಿದರೆ ವಸ್ತು ಹೋಗುವುದೂ ಇಲ್ಲ, ಅಡ್ಡ ನಿಲ್ಲುವುದೂ ಇಲ್ಲ, ಗಾಜಿನಂತಾಗುತ್ತದೆ. ಕವರೂ ಇದೆ, ಚೈನೂ ಕಾಣುತ್ತದೆ. ಕಾಕಾನನ್ನು ಕರೆದು ತೋರಿಸಿ ಶಲವಡಿಯ ಕತೆ ಹೇಳಿದೆ, ಸೆರಗಿನ ತುಂಡೊಂದನ್ನು ಬಿಟ್ಟು.

‘ಹೊಲದಾಗ ಗಾಜ ನಡಿಯೂದಿಲ್ಲಪಾ, ಮೊದಲನೇ ಕಲ್ಲಿಗೇ ಪುಡಿ ಆಗತೈತಿ’ ಎಂದ ಕಾಕಾ.

‘ತಂತಿ ಜಾಳಗಿ ಹಚ್ಚಿದ್ರ ಹೆಂಗರಿ ಕಾಕಾ? ಕಣ್ಣು ತೂರಬೇಕು, ಬೆರಳ ತೂರಬಾರದು.’

‘ಬೆರಳಿರಲಿ, ಸೆರಗಿನ ದಶಿನೂ ತೂರಬಾರದು. ಸಣ್ಣ ಕಣ್ಣಿಂದ ಹಚ್ಚೂಣು’ ಎಂದು ಆತ ನನ್ನ ಮುಖವನ್ನೇ ನೋಡಿದ. ನಾನು ಮುಚ್ಚಿಟ್ಟದ್ದು ಆತನಿಗೆ ತಿಳಿದೇ ಇತ್ತೋ ಏನೋ.

ಚಿಗವ್ವನ ಹೊಲದ ಇನ್ನೊಂದು ಪಟ್ಟಿ ಬಿತ್ತಲು ಬಾಕಿಯಿತ್ತು. ಅಷ್ಟರೊಳಗೆ ಜಾಳಿಗೆಯ ಕವರು ಹೊತ್ತು ಕಾಕಾನೂ ನಾನೂ ಹೋದೆವು. ನಾನೇ ಬೋಲ್ಟು ಬಿಗಿದೆ. ಚಿಗವ್ವ ಬಗ್ಗಿ, ಕಣ್ಣು ಕಿರಿದು ಮಾಡಿ, ಬಸುವಿಗೆ ಸ್ವಲ್ಪ ಮುಂದೆ ನಡೆಸಲು ಹೇಳಿ ನೋಡಿದಳು. ‘ಕಾಣತೈತಿ’ ಎಂದಳು. ಆಮೇಲೆ ಸಂಚಿ ಬಿಚ್ಚಿ ಆ ಕರ್ರಗಾದ ತುಂಡನ್ನು ತೆಗೆದು, ನಮ್ಮೆಲ್ಲರ ಎದುರಿಗೆ ಜಾಳಿಗೆಯ ಪಟ್ಟಿಗೆ ಗಂಟು ಹಾಕಿದಳು.

ಬಸು ಟ್ರ್ಯಾಕ್ಟರಿನ ಮೇಲಿಂದಲೇ ತಿರುಗಿ, ‘ಇದೇನಬೇ?’ ಎಂದ.

‘ನನ್ನ ಸೆರಗು. ಅವತ್ತ ಈ ಚೈನ ತಿಂದಿತ್ತು. ಮುಚ್ಚಿ ಇಟಗೊಂಡಿದ್ದೆ, ನಿದ್ದಿ ಬರವಲ್ದು. ಕಾಣೂವಂಗ ಇರಲಿ.’

ಬಸು ಟ್ರ್ಯಾಕ್ಟರು ಬಂದ್ ಮಾಡಿದ. ಇಳಿದು ಬಂದು ಆ ತುಂಡನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ತನ್ನ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಅವ್ವನ ಕೈಗೆ ಕೊಟ್ಟು, ‘ಸೆರಗ ಇಳಿಸಿ ಸೊಂಟಕ್ಕ ಬಿಗಿಯಂಗ ಸಿಗಸು. ತಲಿಗೆ ಇದನ್ನ ಸುತಗೋ’ ಎಂದ. ಚಿಗವ್ವ ಒಮ್ಮೆ ಕಾಕಾನ ಕಡೆ ನೋಡಿದಳು, ಕಾಕಾ ಬೇಕೆಂತಲೇ ಆಕಾಶದ ಕಡೆ ನೋಡಿದ. ಆಕೆ ಟವೆಲ್ಲು ಸುತ್ತಿಕೊಂಡು ಹಲಗೆ ಏರಿದಳು. ಬರಿ ತಲೆ ಮಾಡಿದವಳಲ್ಲ, ಈಗಲೂ ಮಾಡಲಿಲ್ಲ. ‘ಅಗದಿ ಗೌಡರಂಗ ಕಾಣಾಕತ್ತೀರಿ ನೋಡವ್ವಾರ’ ಎಂದ ಕಾಕಾ, ಇನ್ನೂ ಆಕಾಶವನ್ನೇ ನೋಡುತ್ತ.

ಈಗಲೂ ನಾನು ಫೈಲು ಮುಚ್ಚುವ ಮೊದಲು ‘ಶೋ ಆಲ್’ ಒತ್ತುತ್ತೇನೆ. ಎಲ್ಲ ಪಾರ್ಟುಗಳೂ ದಡದಡನೆ ಬಂದು ಮೈಗೆ ಮೈ ಹಚ್ಚಿ ನಿಲ್ಲುತ್ತವೆ. ಮುಚ್ಚಿ, ಓಣಿಯ ಕೊನೆ ಮುಟ್ಟಿ, ಒತ್ತಿದೆನೋ ಇಲ್ಲವೋ ಎಂದು ತಿರುಗಿ ಬರುತ್ತೇನೆ. ಸ್ವಭಾವಕ್ಕೆ ಔಷಧವಿಲ್ಲ ಎನ್ನುತ್ತಾಳೆ ಶೋಭಾ.

ಮೊನ್ನೆ ಅದೇ ಬೀಗರು ಮತ್ತೆ ಬಂದಿದ್ದರು. ಶೋಭಾ ಎಲ್ಲವನ್ನೂ ಕಾಟಿನ ಕೆಳಗೆ ತಳ್ಳಿ ಚಾದರ ಇಳಿಬಿಟ್ಟು ಒಳಗೆ ಹೋದಳು. ಅವರು ಬಂದು ಕೂತ ಮೇಲೆ ಇನ್ನು ನನ್ನ ಕೈಲಾಗದು ಎನಿಸಿ, ಎದ್ದು ಚಾದರವನ್ನು ಮೇಲೆತ್ತಿ, ‘ಕಾಲು ಸ್ವಲ್ಪ ಮುಂದಿಟ್ಟುಕೊಳ್ರಿ, ಹಿಂದ ಮೊರಾ ಐತಿ’ ಎಂದುಬಿಟ್ಟೆ. ಬೀಗರು ಬಗ್ಗಿ ನೋಡಿದರು. ನನ್ನ ಚಪ್ಪಲಿ ನೋಡಿದರು, ಬಟ್ಟೆಯ ಗಂಟು ನೋಡಿದರು. ಆಮೇಲೆ ಮೊರಕ್ಕೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು ಬೆಳಕಿಗೆ ಹಿಡಿದರು.

‘ಹೆಸರ ಭಾರಿ ಬಂದಾವಲ್ರಿ. ಎಲ್ಲಿಯವು?’

‘ಶಲವಡಿ ಚಿಗವ್ವನ ಹೊಲದವ್ರಿ’ ಎಂದೆ. ಅವರು ಕಾಲನ್ನು ಆರಾಮಾಗಿ ಮುಂದೆ ಚಾಚಿದರು. ನಾನೂ ಅವರ ಹಿಮ್ಮಡಿ ಬಿಟ್ಟು ಮುಖ ನೋಡುತ್ತ ಮಾತಿಗೆ ಕೂತೆ.